ಪೆರ್ನೆತ್ ಅಮ್ಮನ ಮುಂದಿನ ಹಾಳೆ

ಮಠದ ಉಗ್ರಾಣದ ಬಾಗಿಲನ್ನು ಮೂರು ಸಲ ತಟ್ಟದೆ ಪೆರ್ನೆತ್ ಗ್ರಾಪಾಂ ಎಂದೂ ಮುಂದಕ್ಕೆ ಹೆಜ್ಜೆ ಇಟ್ಟವಳಲ್ಲ. ಮಳೆಯಿರಲಿ, ಮೊಣಕಾಲುದ್ದದ ಹಿಮವಿರಲಿ, ಎರಡೂ ಕೈಯಲ್ಲಿ ಹಾಲಿನ ಬಿಂದಿಗೆಗಳೇ ಇರಲಿ, ಮೇಲುಬೀದಿಯ ತಿರುವಿಗೆ ಬಂದೊಡನೆ ನಿಂತು, ಹೊರೆಯನ್ನು ಕೆಳಗಿಳಿಸಿ, ಬಲಗೈ ಮುಷ್ಟಿಯಿಂದ ಒಂದು, ಎರಡು, ಮೂರು ಎಂದು ತಟ್ಟಿ, ಒಳಗಿನಿಂದ ಯಾರೋ ಓಗೊಡುತ್ತಾರೆಂಬಂತೆ ಕತ್ತು ಓರೆಮಾಡಿ ಕೇಳಿ, ಆಮೇಲೆ ತನ್ನ ದಾರಿ ಹಿಡಿಯುವಳು. ಒಳಗಿದ್ದದ್ದು ಮಠದ ಧಾನ್ಯ ಮತ್ತು ಆ ಧಾನ್ಯ ತಿಂದು ಕೊಬ್ಬಿದ ಇಲಿಗಳು. ಇಪ್ಪತ್ತೆಂಟು ವರ್ಷ ಹೀಗೆ ತಟ್ಟಿ ತಟ್ಟಿ ಬಾಗಿಲಿನ ಹಲಗೆಯಲ್ಲಿ ಆ ಒಂದು ಜಾಗ ನುಣುಪಾಗಿಬಿಟ್ಟಿತ್ತು. ಹೊಸದಾಗಿ ಬಂದ ಪಾದ್ರಿಗಳು ಒಮ್ಮೆ ತಡೆಯಲಾರದೆ, "ಒಳಗೆ ಯಾರಮ್ಮ ಇದ್ದಾರೆ?" ಎಂದು ಕೇಳಿದರು. "ಯಾರೂ ಇಲ್ಲ ಸ್ವಾಮಿ. ನಾನಿನ್ನೂ ಬದುಕಿದ್ದೀನಿ ಅಂತ ಮನೆಗೆ ಗೊತ್ತಿರ್ಲಿ ಅಂತ," ಎಂದು ಅವಳು ಬಿಂದಿಗೆ ಎತ್ತಿಕೊಂಡು ಹೊರಟಳು.

ಆ ಉಗ್ರಾಣ ಅವಳ ತಂದೆಯ ಮನೆಯಾಗಿತ್ತು. ನಮ್ಮ ಊರು ಕೊಂಬೆಲ್, ಬೆಟ್ಟದ ಮೇಲಿನ ಮಠಕ್ಕೆ ಸೇರಿದ್ದು. ನಾವೆಲ್ಲ ‘ಸತ್ತ ಕೈ’ಯ ಕಟ್ಟಳೆಗೆ ಒಳಪಟ್ಟ ಜನ. ಬದುಕಿರುವಷ್ಟು ದಿನ ಮನೆ ನಮ್ಮದು. ಸತ್ತ ಮೇಲೆ ನಮ್ಮ ಕೈ ಯಾರಿಗೂ ಏನನ್ನೂ ಕೊಡಲಾರದು. ಒಂದೇ ಒಲೆಯ ಮುಂದೆ ಮೈ ಕಾಯಿಸಿಕೊಂಡು ಒಂದೇ ರೊಟ್ಟಿ ಮುರಿದು ತಿಂದ ಮಕ್ಕಳಿದ್ದರೆ ಅವರಿಗೆ ಮನೆ, ಇಲ್ಲದಿದ್ದರೆ ಮಠಕ್ಕೆ. ಮದುವೆಯಾಗಿ ಹೋಗುವ ಹೆಣ್ಣಿಗೆ ಮಾತ್ರ ಒಂದು ಸಂದು ಬಿಟ್ಟಿದ್ದರು: ಮದುವೆಯ ಮೊದಲ ರಾತ್ರಿಯನ್ನು ತವರಿನಲ್ಲೇ ಕಳೆದರೆ ತವರಿನ ಹಕ್ಕು ಉಳಿಯುತ್ತದೆ. ಆದ್ದರಿಂದ ಮದುವೆಯ ಮರುದಿನ ನೋಟರಿ ಮಸಿಕುಡಿಕೆ ಹಿಡಿದು ಹೆಣ್ಣಿನ ತವರಿನ ಬಾಗಿಲಿಗೆ ಬರುವುದು, ಮದುಮಗಳು ಕೆದರಿದ ತಲೆಯಲ್ಲಿ ಹೊಸ್ತಿಲ ಮೇಲೆ ನಿಂತು "ಇಲ್ಲೇ ಮಲಗಿದ್ದೆ" ಎನ್ನುವುದು, ಇಬ್ಬರು ಸಾಕ್ಷಿಗಳು ಗಂಭೀರವದನರಾಗಿ ರುಜು ಹಾಕುವುದು, ಇವೆಲ್ಲ ನಮಗೆ ಚರ್ಚಿನ ಗಂಟೆಯಷ್ಟೇ ಸಹಜವಾದ ಸಂಗತಿಗಳು. ಈ ಊರಿನ ಶಾಲಾ ಮೇಷ್ಟ್ರಾದ ನಾನೇ ಹತ್ತೊಂಬತ್ತು ಹೆಣ್ಣುಮಕ್ಕಳಿಗೆ ಇಂಥ ಸಾಕ್ಷಿ ಹಾಕಿದ್ದೇನೆ. ನಾಚಿಕೆಯಾಗಬೇಕಿತ್ತು, ಆದರೆ ಪ್ರತಿ ಸಲವೂ ಒಂದು ಲೋಟ ಹಳದಿ ವೈನ್ ಸಿಗುತ್ತಿದ್ದುದರಿಂದ ನಾಚಿಕೆಗೆ ಪುರುಸೊತ್ತಾಗಲಿಲ್ಲ.

ಪೆರ್ನೆತ್‌ಳ ಮದುವೆ ನಡೆದದ್ದು ಜನವರಿಯಲ್ಲಿ. ಗಂಡ ಸಿಮೋಂ ಕೆಳಬೀದಿಯವನು; ಅವನ ಮನೆಗೂ ಅವಳ ತವರಿಗೂ ನಡುವೆ ಸರಿಯಾಗಿ ಮುನ್ನೂರು ಹೆಜ್ಜೆ. ಗಂಡಿನ ಮನೆಯಲ್ಲಿ ಮದುವೆಯೂಟ ಮುಗಿಯುವ ಹೊತ್ತಿಗೆ ಎದುರು ನಿಂತವರ ಮೂಗು ಕಾಣದಷ್ಟು ಹಿಮ ಸುರಿಯತೊಡಗಿತು. ಮಗಳು ಹೊರಡಲು ಎದ್ದಳು. "ಕೂತ್ಕೋ ಮಗಳೇ, ಈ ಹಿಮದಲ್ಲಿ ಬಿದ್ದು ಕಾಲು ಮುರ್ಕೋತೀಯ. ಮಠದೋರೇನು ಇವತ್ತು ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕಾಯ್ತಿರ್ತಾರಾ?" ಎಂದು ತಂದೆಯೇ ತಡೆದ. ಮಠದವರು ಕಾಯುತ್ತಿದ್ದರು. ಮರುದಿನ ನೋಟರಿ ಸೊಂಟದವರೆಗಿನ ಹಿಮದಲ್ಲಿ ಹೂತು ಹೂತು ಎದ್ದು ಬಂದು, ತವರಿನ ಹೊಸ್ತಿಲಿನಲ್ಲಿ ಮದುಮಗಳಿಲ್ಲವೆಂದು ಬರೆದುಕೊಂಡು ಹೋದ. ಆ ವರ್ಷದ ಉಪವಾಸದ ತಿಂಗಳಲ್ಲಿ ತಂದೆ ಕೆಮ್ಮಿ ಕೆಮ್ಮಿ ಸತ್ತ. ಹೆಣ ಮಣ್ಣಿಗೆ ಹೋದ ದಿನವೇ ಬೀಗ ಬಿತ್ತು. ಹಿಟ್ಟು ನಾದುವ ಮರದ ತೊಟ್ಟಿಯನ್ನು ಮಠದ ಆಳುಗಳು ಹೊತ್ತುಕೊಂಡು ಹೋಗುವಾಗ ಅದರೊಳಗೆ ಅಂದಿನ ಹಿಟ್ಟು ಇನ್ನೂ ಉಬ್ಬುತ್ತಿತ್ತು. ಅದನ್ನು ನೋಡಿಯೂ ಅವಳು ಅಳಲಿಲ್ಲವಂತೆ. ಬಾಗಿಲ ಬಳಿಗೆ ಹೋಗಿ ಮೂರು ಸಲ ತಟ್ಟಿದಳಂತೆ, ಅಷ್ಟೆ.

ನಾನು ಬಲ್ಲ ಪೆರ್ನೆತ್ ನಡುವಯಸ್ಸಿನ ವಿಧವೆ. ಎತ್ತರದ ಹೆಂಗಸು, ಆದರೆ ಪುಸ್ತಕ ಹೊಲಿಯುವ ಚೌಕಟ್ಟಿನ ಮುಂದೆ ಬಾಗಿ ಬಾಗಿ ಆ ಎತ್ತರದ ಕಾಲು ಭಾಗ ಬೆನ್ನಿನಲ್ಲೇ ಮಡಚಿಕೊಂಡಿತ್ತು. ನಡೆಯುವಾಗ ತುಟಿ ಅಲ್ಲಾಡುತ್ತಿತ್ತು. ಹದಿನಾರು ಹೆಜ್ಜೆಗೊಮ್ಮೆ ಒಂದು ಕ್ಷಣ ನಿಂತು ಮತ್ತೆ ಒಂದರಿಂದ ಶುರುಮಾಡುವಳು, ಅವಳ ಕೈಗೆ ಬರುತ್ತಿದ್ದ ಅಚ್ಚಿನ ಹಾಳೆಯನ್ನು ಮಡಚಿದರೆ ಹದಿನಾರು ಪುಟವಾಗುತ್ತಿತ್ತಲ್ಲ, ಅದೇ ಲೆಕ್ಕ ಕಾಲಿಗೂ ಹತ್ತಿಕೊಂಡಿತ್ತು. ಚಳಿಗಾಲ ಬೇಸಿಗೆ ಎನ್ನದೆ ಮೈಮೇಲೆ ಸಿಮೋಂನ ಕೋಟು. ಗಡಿಯಾಚೆಯಿಂದ ಬೆಟ್ಟ ಹತ್ತಿಸಿ ಸಾಮಾನಿನ ಗಂಟು ಹೊರುತ್ತಿದ್ದವನ ಕೋಟದು: ಹೆಗಲಿನಲ್ಲಿ ಹಗ್ಗ ತಿಂದ ಎರಡು ಗೀರು, ಒಳಗಡೆ ಒಂದು ಕುರಿಮರಿ ಹಿಡಿಸುವಷ್ಟು ದೊಡ್ಡ ಜೇಬು. ಒಂದು ಮಾರ್ಚ್ ತಿಂಗಳಲ್ಲಿ ಹಿಮ ಕುಸಿದು ಸಿಮೋಂ ಸತ್ತ. ಗಂಟೂ ಕೋಟೂ ಸಿಕ್ಕಿದವು. ಗಂಟಿನಲ್ಲಿದ್ದದ್ದು ನಮ್ಮ ದೇಶದಲ್ಲಿ ಮಾರಬಾರದೆಂದು ಆಜ್ಞೆಯಾಗಿದ್ದ ಪುಸ್ತಕಗಳ ಬಿಡಿ ಹಾಳೆಗಳು. ಮನುಷ್ಯರೆಲ್ಲ ಹುಟ್ಟಿನಿಂದ ಸಮಾನರೆಂದೂ, ದೊರೆಯ ಅಧಿಕಾರ ಪ್ರಜೆಯ ಒಪ್ಪಿಗೆಯಿಂದ ಬಂದದ್ದೆಂದೂ ವಾದಿಸುವ ಪುಸ್ತಕಗಳು ಅವು.

ಆ ಹಾಳೆಗಳನ್ನು ಪ್ರಾರ್ಥನಾ ಪುಸ್ತಕದ ಹಾಳೆಗಳ ನಡುವೆ ಒಂದು ಬಿಟ್ಟು ಒಂದರಂತೆ ಅಡಗಿಸಿ ಸಾಗಿಸುತ್ತಿದ್ದರು. ಕಸುಬಿನವರು ಅದಕ್ಕೆ ‘ಮದುವೆ ಮಾಡಿಸುವುದು’ ಎನ್ನುತ್ತಿದ್ದರು. ಬೇರ್ಪಡಿಸಿ, ಮಡಚಿ, ಹೊಲಿದು ಪೇಟೆಯ ವ್ಯಾಪಾರಿಗೆ ಮುಟ್ಟಿಸುವುದು ಪೆರ್ನೆತ್‌ಳ ಕೆಲಸ. ಒಂದೇ ಗಂಟಿನಲ್ಲಿ ಇಡೀ ಪುಸ್ತಕ ಬಂದರೆ ಸಿಕ್ಕಿಬಿದ್ದಾಗ ಎಲ್ಲವೂ ಹೋಗುತ್ತದೆಂದು ಹೊರೆಯಾಳುಗಳು ಒಂದೊಂದು ಪುಸ್ತಕವನ್ನು ಮೂರು ನಾಲ್ಕು ಗಂಟುಗಳಿಗೆ ಹಂಚುತ್ತಿದ್ದರು. ಮೊದಲ ಅಧ್ಯಾಯ ವಸಂತದಲ್ಲಿ ಬಂದರೆ ಕೊನೆಯದು ದ್ರಾಕ್ಷಿ ಕೊಯ್ಲಿಗೆ ಬರುವುದು. ನಡುವಿನದು ಎಷ್ಟೋ ಸಲ ಯಾವುದೋ ಕಂದರದಲ್ಲಿ ಕೊಳೆಯುವುದು.

ಓದು ಕಲಿಸಿದವನು ನಾನೇ. ಮೂವತ್ತೈದನೆಯ ವಯಸ್ಸಿನಲ್ಲಿ ಒಂದು ಚೀಸ್ ಗಡ್ಡೆ ಕಂಕುಳಲ್ಲಿಟ್ಟುಕೊಂಡು ಶಾಲೆಗೆ ಬಂದು, "ಮೇಷ್ಟ್ರೆ, ಹಾಳೆ ಕೆಳಗಿನ ಗುರುತು ನೋಡಿ ಹೊಲೀತೀನಿ. ಮೇಲಿರೋದು ಏನು ಅಂತ ಗೊತ್ತಾಗ್ಬೇಕು. ನನ್ನ ಗಂಡ ಇದಕ್ಕೇ ತಾನೆ ಸತ್ತದ್ದು?" ಎಂದಳು. ಎರಡು ಚಳಿಗಾಲದಲ್ಲಿ ಕಲಿತುಬಿಟ್ಟಳು. ಆಮೇಲೆ ಊರಿಗೆ ಊರೇ ಅವಳ ಬಾಯಿಗೆ ಬಿತ್ತು. ಎಲ್ಲಿ ಯಾರು ಸಿಕ್ಕರೂ ರಾಜ್ಯ, ಹಕ್ಕು, ಕರಾರು ಎಂದು ಶುರುಮಾಡುವಳು. ವಾದ ಏರಿ ಏರಿ ಇನ್ನೇನು ಶಿಖರ ಮುಟ್ಟಬೇಕು ಎನ್ನುವಾಗ ಥಟ್ಟನೆ ನಿಲ್ಲಿಸಿ, "ಮುಂದಿನ ಹಾಳೆ ಬರ್ಲಿ, ಹೇಳ್ತೀನಿ," ಎಂದು ಎದ್ದುಬಿಡುವಳು. ನಮ್ಮ ಊರಿನ ಮಕ್ಕಳಿಗೆ ಅದು ಗಾದೆಯಾಗಿ ಹೋಯಿತು. ನಾನು ಮಗ್ಗಿ ಕೇಳಿದರೆ ಅವೂ ‘ಮುಂದಿನ ಹಾಳೆ ಬರ್ಲಿ ಮೇಷ್ಟ್ರೆ’ ಎನ್ನುತ್ತಿದ್ದವು. ಬೆತ್ತ ಎತ್ತಿದರೂ ನಗು ಬರುತ್ತಿತ್ತು, ಏನು ಮಾಡಲಿ!

ಒಮ್ಮೆ ಕೈತಪ್ಪಿ ‘ಸಹನೆಯ ಮಹಿಮೆ’ ಎಂಬ ಉಪದೇಶದ ನಡುವೆ ‘ಅರಸೊತ್ತಿಗೆಯ ಮೂಲ’ ಎಂಬ ಹಾಳೆಯನ್ನು ಸೇರಿಸಿ ಹೊಲಿದುಬಿಟ್ಟಳು. ಆ ಪ್ರತಿ ಹೋಗಿ ಹೋಗಿ ಮಠದ ಒಬ್ಬ ಮುದಿ ಸನ್ಯಾಸಿಯ ಕೈಗೇ ಸಿಗಬೇಕೆ! ಅವಳಿಗೆ ಒಂದು ತಿಂಗಳು ಊಟ ಸೇರಲಿಲ್ಲ. ಆದರೆ ಆ ಮಹಾನುಭಾವ ಪಾದ್ರಿಗಳ ಬಳಿ, "ಇಷ್ಟು ವರ್ಷಕ್ಕೆ ಒಂದು ಧ್ಯಾನಗ್ರಂಥ ಓದ್ತಾ ಓದ್ತಾ ನಿದ್ದೆ ಬರ್ಲಿಲ್ಲ ನೋಡಿ," ಎಂದು ಹೊಗಳಿದರಂತೆ.

ಅವಳ ತತ್ತ್ವಶಾಸ್ತ್ರ ಪೇಟೆಯ ಪಂಡಿತರ ದಿವಾನಖಾನೆಯದಲ್ಲ. ಊರಿನ ಹಾಲೆಲ್ಲ ಬಂದು ಸೇರುವ ತಾಮ್ರದ ಕಡಾಯಿಯ ಮುಂದೆ ಅದನ್ನು ಅವಳು ಬೋಧಿಸುತ್ತಿದ್ದಳು. ಕಡಾಯಿ ಕಡೆದು ಚೀಸ್ ಮಾಡುವ ಫೆರ್ಜೋ ದಪ್ಪ ಮೈಯ, ದಪ್ಪ ಕಂಠದ ಮನುಷ್ಯ. ಅವನನ್ನು ಬೊಟ್ಟುಮಾಡಿ ತೋರಿಸಿ ಅವಳು ಹೇಳಿದ್ದು ನನಗೆ ಮಾತು ಮಾತಿಗೂ ನೆನಪಿದೆ: "ಹಾಲು ಊರಿಂದು, ಕಡಾಯಿ ಊರಿಂದು. ಸೌಟು ಫೆರ್ಜೋ ಕೈಲಿದೆ ಅಂದ ಮಾತ್ರಕ್ಕೆ ಕಡಾಯಿ ಅವನಪ್ಪಂದಾಗತ್ತಾ? ಚೆನ್ನಾಗಿ ಕಡೆದ್ರೆ ಸೌಟು ಇರತ್ತೆ, ಹಾಲು ಹೊತ್ತಿಸಿದ್ರೆ ಕಿತ್ಕೋತೀವಿ. ರಾಜ್ಯ ಅಂದ್ರೂ ಇಷ್ಟೇ."

"ಹಂಗಾದ್ರೆ ನಾನು ರಾಜ ಅನ್ನು," ಎಂದು ಫೆರ್ಜೋ ಎದೆಯುಬ್ಬಿಸಿದ.

"ಹೂಂ ಕಣೋ, ಮೂಗು ಸುರಿಸ್ಕೊಂಡು ಕಡೆಯೋ ರಾಜ. ಮೊದ್ಲು ಮೂಗು ಒರೆಸ್ಕೋ."

ಹೀಗೆ ನಗುನಗುತ್ತಲೇ ಇದ್ದವಳಿಗೆ ಒಳಗೊಂದು ಮುಳ್ಳು ಇತ್ತು. ಒಬ್ಬಳೇ ಮಗಳು ರೋಜೀನ್ ಮದುವೆಯ ವಯಸ್ಸಿಗೆ ಬಂದಿದ್ದಳು. ಹೊಳೆಯಾಚೆಯ ಎಮೆ ಎಂಬ ಗಡಿಯಾರ ಕೆಲಸದ ಹುಡುಗ ಒಪ್ಪಿದ್ದ. ಮೊದಲ ರಾತ್ರಿಯ ಸಾಕ್ಷಿಯನ್ನೇನೋ ಹಾಕಿಸಬಹುದಾಗಿತ್ತು. ಆದರೆ ಪೆರ್ನೆತ್ ನನ್ನ ಮುಂದೆಯೇ ಹಟ ತೊಟ್ಟಳು: "ನನ್ನ ಮಗಳು ಎಲ್ಲಿ ಮಲಗಿದ್ಲು ಅಂತ ನೋಟರಿ ಬರ್ಕೊಳ್ಳೋ ಮದುವೆ ನಾನು ಮಾಡಲ್ಲ ಮೇಷ್ಟ್ರೆ. ಕಟ್ಟಳೆ ಹೋಗ್ಬೇಕು, ಇಲ್ಲ ಮದುವೆ ನಿಲ್ಬೇಕು." ಎರಡು ವರ್ಷ ಮದುವೆ ನಿಂತೇ ನಿಂತಿತು. ರೋಜೀನ್ ಬಿಕ್ಕಿದಳು, ಬೈದಳು, ಮಾತು ಬಿಟ್ಟಳು. ತಾಯಿ ಜಗ್ಗಲಿಲ್ಲ. ಮಗಳ ಕಣ್ಣೀರನ್ನೂ ಲೆಕ್ಕಿಸದ ಈ ತತ್ತ್ವ ಎಂಥದೆಂದು ಆಗ ನಾನು ಅವಳನ್ನು ಮನಸ್ಸಿನಲ್ಲೇ ಶಪಿಸಿದ್ದುಂಟು.

ಆಗ ಬಂತು ಸಾವಿರದ ಏಳುನೂರ ಎಂಬತ್ತೊಂಬತ್ತನೆಯ ಇಸವಿಯ ಮಾರ್ಚ್. ಪ್ರತಿ ಊರೂ ತನ್ನ ಕಷ್ಟಗಳನ್ನು ಬರೆದು ಕಳಿಸಲಿ ಎಂದು ಅರಸರ ಅಪ್ಪಣೆಯಾಯಿತು. ಪೂಜೆ ಮುಗಿದ ಮೇಲೆ ಕರದ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಚರ್ಚಿನಲ್ಲೇ ಉಳಿದರು. ಅಧ್ಯಕ್ಷತೆ ಮಠದ ನ್ಯಾಯಾಧೀಶ ಮೊಸ್ಯೆ ಮಲಿವೆರ್ ಅವರದು. ಮೃದುಭಾಷಿ, ಮಂದಹಾಸ ಮುಖದಿಂದ ಇಳಿಯದ ಮನುಷ್ಯ. ಲೇಖನಿ ನನ್ನ ಕೈಯಲ್ಲಿ. ನಾನು ವಾಸವಿದ್ದ ಮನೆ ಮಠದ್ದು, ತಿನ್ನುತ್ತಿದ್ದ ರೊಟ್ಟಿಯಲ್ಲಿ ಅರ್ಧ ಮಠದ್ದು ಎಂಬುದನ್ನು ಅವರು ಬರುವ ದಾರಿಯಲ್ಲೇ ನನಗೆ ಮಂದಹಾಸದೊಡನೆ ಜ್ಞಾಪಿಸಿದ್ದರು. ಕಷ್ಟಗಳ ಪಟ್ಟಿಯನ್ನೂ ಅವರೇ ಸಿದ್ಧಮಾಡಿಕೊಂಡು ಬಂದಿದ್ದರು: ರಸ್ತೆ ಕೆಟ್ಟಿದೆ, ಉಪ್ಪು ತುಟ್ಟಿ, ತೋಳಗಳ ಕಾಟ. ಓದಿ ಮುಗಿಸಿ, "ಇಷ್ಟೇ ತಾನೆ? ಮೇಷ್ಟ್ರೆ, ಕೆಳಗೆ ಗೆರೆ ಎಳೀರಿ," ಎಂದರು.

"ಎಳೀಬೇಡಿ ಮೇಷ್ಟ್ರೆ. ಸತ್ತ ಕೈ ಬಿಟ್ಟುಹೋಯ್ತು."

ದನಿ ಬಂದದ್ದು ಹಿಂದುಗಡೆ ತೀರ್ಥದ ಕಲ್ಲಿನ ಬಳಿಯಿಂದ. ನ್ಯಾಯಾಧೀಶರು ತಲೆಯೆತ್ತದೆ, "ಹೆಂಗಸರು ಕೂತು ಕೇಳ್ಬಹುದು. ಮಾತು ಬೇಡ," ಎಂದರು.

"ಪಟ್ಟೀಲಿ ನನ್ನ ಹೆಸರಿದೆ ಸ್ವಾಮಿ. ತೆರಿಗೆ ಕೇಳೋಕೆ ಬಂದೋನು ನಾನು ಲಂಗ ಉಟ್ಟಿದ್ದೀನಾ ಷರಾಯಿ ಹಾಕಿದ್ದೀನಾ ಅಂತ ನೋಡ್ಲಿಲ್ಲ."

ಜನ ಗೊಳ್ಳೆಂದರು. ಮಲಿವೆರ್ ನಗು ನಿಲ್ಲುವವರೆಗೆ ಕಾದು, ಮಗುವಿಗೆ ತಿಳಿಹೇಳುವ ದನಿಯಲ್ಲಿ ಹೇಳಿದರು: "ನೋಡಮ್ಮ, ಅದು ಅನ್ಯಾಯ ಅಲ್ಲ, ಕರಾರು. ಆರುನೂರು ವರ್ಷದ ಹಿಂದೆ ಇಲ್ಲಿ ಬರೀ ಕಾಡು. ನಿಮ್ಮ ಹಿರೀಕರು ಮಠದ ಮುಂದೆ ಮಂಡಿಯೂರಿ ಭೂಮಿ ಬೇಡಿದ್ರು, ಈ ಷರತ್ತಿಗೆ ಒಪ್ಪಿದ್ರು. ಕೊಟ್ಟ ಮಾತು ಅಂದ್ರೆ ಮಾತು."

"ಒಪ್ಪಿದ್ದು ಯಾರು?"

"ಹೇಳಿದ್ನಲ್ಲ, ನಿಮ್ಮ ಹಿರೀಕರು."

"ಅವರು ಅವರ ಕೈ ಕೊಟ್ರು, ಸರಿ. ನನ್ನ ಕೈ ಹ್ಯಾಗೆ ಕೊಟ್ರು? ನಾನಿನ್ನೂ ಹುಟ್ಟೇ ಇರ್ಲಿಲ್ಲ. ಅಪ್ಪ ಆದೋನು ತನ್ನ ಕೋಟು ಮಾರ್ಕೋಬಹುದು ಸ್ವಾಮಿ, ಹುಟ್ಟದೇ ಇರೋ ಮಗಳ ಬೆನ್ನು ಮಾರೋಕಾಗಲ್ಲ. ತಾನು ಕೂತು ಮಾಡದ ಕರಾರಿಗೆ ಮನುಷ್ಯ..."

ಅಲ್ಲಿಗೆ ಮಾತು ನಿಂತಿತು. ಅವಳು ಬಾಯಿಪಾಠವಾಗಿ ಹೇಳುತ್ತಿದ್ದ ಆ ಹಾಳೆ ನನಗೂ ಗೊತ್ತಿತ್ತು. ಹಿಮದ ಕಲೆ ಹತ್ತಿದ್ದ, ಸಿಮೋಂನ ಕೊನೆಯ ಗಂಟಿನಲ್ಲಿ ಬಂದ ಹಾಳೆ. ಹದಿನಾರನೆಯ ಪುಟ ಅಲ್ಲಿಗೇ ಮುಗಿಯುತ್ತಿತ್ತು.

"ಯಾಕಮ್ಮ, ಮುಂದಿನ ಹಾಳೆ ಬರ್ಬೇಕಾ?" ಎಂದರು ಮಲಿವೆರ್. ಒಂದಿಬ್ಬರು ನಕ್ಕರು. ಅವರು ದನಿ ತಗ್ಗಿಸಿ, "ಯಾವ ಹಾಳೆ, ಎಲ್ಲಿಂದ ಬರೋ ಹಾಳೆ ಅಂತ ನಾನು ಕೇಳೋ ಹಾಗೆ ಮಾಡ್ಬೇಡ," ಎಂದರು. ಆಗ ಯಾರೂ ನಗಲಿಲ್ಲ. ಆ ಮಾತಿನ ಹಿಂದೆ ಸೆರೆಮನೆಯಿತ್ತು.

ಪೆರ್ನೆತ್ ಎದ್ದು ನಡುದಾರಿಯಲ್ಲಿ ನಡೆದು ಬಂದಳು. ಹದಿನಾರು ಹೆಜ್ಜೆ ಮುಗಿದರೂ ಈ ಸಲ ನಿಲ್ಲಲಿಲ್ಲ. ನೆಟ್ಟಗೆ ನನ್ನ ಮೇಜಿನ ಮುಂದೆ ಬಂದು, ಮಡಚಿಕೊಂಡಿದ್ದ ಆ ಬೆನ್ನನ್ನು ನೆಟ್ಟಗೆ ಮಾಡಿ ನಿಂತಳು. ಅವಳು ಅಷ್ಟು ಎತ್ತರದವಳೆಂದು ನಮಗೆ ಮರೆತೇ ಹೋಗಿತ್ತು.

"ಬರಲ್ಲ ಸ್ವಾಮಿ. ಇಷ್ಟು ವರ್ಷ ಕಾದೆ. ಬೆಟ್ಟದ ಆಚೆಯಿಂದ ಯಾರೋ ಬರ್ದು ಕಳಿಸ್ತಾರೆ ಅಂತ ಕಾದೆ. ಮುಂದಿನ ಹಾಳೆ ಬರಲ್ಲ. ಮೇಷ್ಟ್ರೆ, ನೀವು ಬರ್ಕೊಳ್ಳಿ."

ಅವಳು ಹೇಳಿದಳು: "ಕೊಂಬೆಲ್ ಊರಿನ ಜನ ಹೇಳೋದೇನಂದ್ರೆ, ಸತ್ತೋರ ಕೈನ ಬದುಕಿರೋರ ಕತ್ತಿನ ಮೇಲಿಂದ ತೆಗೀಬೇಕು. ಮನೆ ಕಟ್ಟಿದೋರ ಮಕ್ಕಳಿಗೇ ಮನೆ. ಅವ್ರು ಎಲ್ಲಿ ಮಲಗಿದ್ರು, ಯಾರ ರೊಟ್ಟಿ ತಿಂದ್ರು ಅಂತ ಕೇಳೋ ಹಕ್ಕು ದೇವರಿಗೂ ಇಲ್ಲ."

ಸತ್ಯ ಹೇಳುತ್ತೇನೆ, ನಾನು ಹೇಡಿ. ಎತ್ತಿದ ಲೇಖನಿ ಎತ್ತಿದಂತೆಯೇ ಇದ್ದು ಕಾಗದದ ಮೇಲೆ ಮಸಿ ತೊಟ್ಟಿಕ್ಕಿತು. ಮಲಿವೆರ್ ನನ್ನನ್ನೇ ನೋಡುತ್ತಿದ್ದರು. ಹತ್ತೊಂಬತ್ತು ಹೊಸ್ತಿಲುಗಳೂ ಹತ್ತೊಂಬತ್ತು ಲೋಟ ವೈನೂ ಒಮ್ಮೆಗೇ ನೆನಪಿಗೆ ಬಂದವು. ನಾನು ಬರೆದೆ. ‘ದೇವರಿಗೂ’ ಎಂಬಲ್ಲಿ ‘ಯಾರಿಗೂ’ ಎಂದು ತಿದ್ದಿದ್ದಷ್ಟೇ ನನ್ನ ಪಾಂಡಿತ್ಯ. ಮರಳು ಉದುರಿಸಿ ಮಸಿ ಆರಿಸುವ ಮೊದಲೇ ಫೆರ್ಜೋ ಬಂದು ಸೌಟಿನಷ್ಟು ದೊಡ್ಡ ಅಕ್ಷರದಲ್ಲಿ ಹೆಸರು ಗೀಚಿದ. ಅವನ ಹಿಂದೆ ಅರವತ್ತೊಂದು ಜನ. ಬರೆಯಲು ಬಾರದವರು ಶಿಲುಬೆ ಎಳೆದರು. ಮಲಿವೆರ್ ರುಜು ಹಾಕಲೊಲ್ಲೆ ಎಂದು ಎದ್ದರು. ನೋಡಿದರೆ ಬಾಗಿಲಿಗೆ ಅಡ್ಡವಾಗಿ ಫೆರ್ಜೋ ಕೈಕಟ್ಟಿ ನಿಂತು ದೇವಮಾತೆಯ ಸ್ತೋತ್ರ ಗುನುಗುತ್ತಿದ್ದ. ಅವರು ಕೂತು ರುಜು ಹಾಕಿದರು. ಮಂದಹಾಸ ಅಂದು ಮೊದಲ ಸಲ ಮುಖದಿಂದ ಇಳಿದಿತ್ತು.

ಆಗಸ್ಟ್ ತಿಂಗಳ ನಡುವೆ ಸುದ್ದಿ ಬಂತು: ರಾಜಧಾನಿಯ ಸಭೆಯಲ್ಲಿ ಸತ್ತ ಕೈಯ ಕಟ್ಟಳೆಯನ್ನು ತೆಗೆದುಹಾಕಿದ್ದಾರೆ. ನಮ್ಮಂಥ ಊರೂರಿನ ಕಾಗದಗಳು ಅಲ್ಲಿ ಹೋಗಿ ರಾಶಿಬಿದ್ದಿದ್ದವಂತೆ. ನಾನು ಗಂಟೆಯ ಹಗ್ಗಕ್ಕೆ ಜೋತುಬಿದ್ದು ಅಂಗೈ ಸಿಪ್ಪೆ ಏಳುವವರೆಗೆ ಬಾರಿಸಿದೆ. ಊರು ಕುಣಿಯಿತು, ಕುಡಿಯಿತು, ಅತ್ತಿತು. ಪೆರ್ನೆತ್ ಮಾತ್ರ ನೂಲಿಗೆ ಮೇಣ ಹಚ್ಚುತ್ತ, "ಮದುವೆಗೆ ದಿನ ನೋಡಿ," ಎಂದಳು.

ನವೆಂಬರಿನಲ್ಲಿ ಮದುವೆ. ಅಷ್ಟು ಹೊತ್ತಿಗೆ ಊರಿನ ಧೈರ್ಯ ಅರ್ಧ ಇಳಿದಿತ್ತು. ನೋಟರಿ ಮನೆಗೇ ಬಂದು, "ಅರಸರ ಮುದ್ರೆ ಒತ್ತಿದ ಕಾಗದ ಇನ್ನೂ ನಮ್ಮ ಕಡೆ ಬಂದಿಲ್ಲ ತಾಯಿ. ಒಂದು ರಾತ್ರಿ ತಾನೆ, ಹುಡುಗಿ ಇಲ್ಲೇ ಮಲಗ್ಲಿ. ಸಾಕ್ಷಿ ಪುಕ್ಕಟೆ ಬರ್ಕೊಡ್ತೀನಿ," ಎಂದ. ಫೆರ್ಜೋ ಕೂಡ ಹೂಂ ಎಂದ. ರೋಜೀನ್ ತಾಯಿಯ ತೋಳು ಹಿಡಿದು, "ಅಮ್ಮಾ, ನಾನು ಹೋಗಿ ಈ ಮನೇನೂ ಹೋಗ್ಬಿಟ್ರೆ?" ಎಂದಳು.

"ಹಕ್ಕು ಅನ್ನೋದನ್ನ ಪೆಟ್ಟಿಗೇಲಿಟ್ರೆ ಇಲಿ ತಿನ್ನತ್ತೆ ಕಣೇ. ಗಾಡಿ ಹತ್ತು."

ಗಾಡಿ ಹೊರಡುವ ಹೊತ್ತಿಗೆ ಹಿಮ ಬೀಳತೊಡಗಿತು. ಊರವರೆಲ್ಲ ಒಮ್ಮೆ ಆಕಾಶ ನೋಡಿದರು, ಒಮ್ಮೆ ಅವಳನ್ನು ನೋಡಿದರು. ಅವಳ ಮುಖ ಬಿಳಿಚಿಕೊಂಡಿತ್ತು. ಹೆದರಿದ್ದಳು, ಅದು ನನಗೆ ಕಂಡಿತು. ಆದರೂ ಸಿಮೋಂನ ಕೋಟನ್ನು ಬಿಚ್ಚಿ ಮಗಳ ಹೆಗಲಿಗೆ ಹೊದಿಸಿ, ಎತ್ತಿನ ಬೆನ್ನಿಗೆ ತಾನೇ ಒಂದು ಬಿಗಿದು, "ಹೊಡಿಯೋ ಎಮೆ, ಹೊಳೆ ದಾಟಿಸು!" ಎಂದು ಕೂಗಿದಳು.

ಮರುದಿನ ಬೆಳಗ್ಗೆ ನೋಟರಿ ನಲವತ್ತು ವರ್ಷದ ಅಭ್ಯಾಸಬಲದಿಂದ ಮಸಿಕುಡಿಕೆ ಹಿಡಿದು ಬಂದೇ ಬಂದ, ಅದೇ ಅಭ್ಯಾಸಬಲದಿಂದ ನಾನೂ ಫೆರ್ಜೋನೂ ಹಿಂದೆ ಹಿಂದೆ ಹೋದೆವು. ಬಾಗಿಲು ತೆರೆದು ಅವಳು ಹೊಸ್ತಿಲ ಮೇಲೆ ನಿಂತಳು. "ಒಳ್ಳೇದಾಯ್ತು ಬಂದಿರಿ. ಬರ್ಕೊಳ್ಳಿ: ಹುಡುಗಿ ಇಲ್ಲಿ ಮಲಗಿರ್ಲಿಲ್ಲ. ಸಾಕ್ಷಿ, ಮೇಷ್ಟ್ರು ಮತ್ತೆ ಫೆರ್ಜೋ." ನೋಟರಿ ಹೊಟ್ಟೆ ಹಿಡಿದುಕೊಂಡು ನಕ್ಕು ಹಾಗೆಯೇ ಬರೆದ. ಅದು ನನ್ನ ಇಪ್ಪತ್ತನೆಯ ಸಾಕ್ಷಿ. ಅಷ್ಟು ಸೊಗಸಾಗಿ ನಾನು ಎಂದೂ ರುಜು ಹಾಕಿಲ್ಲ.

ಅಂದು ಮಧ್ಯಾಹ್ನ ಅವಳು ಹಾಲಿನ ಬಿಂದಿಗೆಗಳೊಡನೆ ಮೇಲುಬೀದಿಗೆ ಬಂದಳು. ಕೋಟಿಲ್ಲದ ಅವಳನ್ನು ಜನ ಗುರುತಿಸುವುದೇ ತಡವಾಯಿತು. ಉಗ್ರಾಣದ ತಿರುವಿಗೆ ಬಂದಳು, ಬಾಗಿಲನ್ನೊಮ್ಮೆ ನೋಡಿದಳು, ನಿಲ್ಲದೆ ಮುಂದೆ ನಡೆದಳು. "ಯಾಕಮ್ಮ, ಇವತ್ತು ತಟ್ಟಲಿಲ್ಲ?" ಎಂದು ನಾನು ಕೂಗಿ ಕೇಳಿದೆ.

"ಮನೆಗೆ ಗೊತ್ತಾಯ್ತು ಮೇಷ್ಟ್ರೆ."

ನಾಲ್ಕು ವರ್ಷದ ಮೇಲೆ ಅವಳು ತನ್ನ ಹಾಸಿಗೆಯಲ್ಲೇ, ಅರ್ಧ ಹೊಲಿದ ಪುಸ್ತಕವೊಂದನ್ನು ಚೌಕಟ್ಟಿನಲ್ಲಿ ಬಿಟ್ಟು, ತೀರಿಕೊಂಡಳು. ನಾಲ್ಕು ವರ್ಷ ಬೇರೆ ಒಲೆಯ ಮುಂದೆ ಕೂತು ಬೇರೆ ರೊಟ್ಟಿ ತಿಂದಿದ್ದ ಮಗಳು ಅಪ್ಪನ ಕೋಟು ಹಾಕಿಕೊಂಡು ಹೊಳೆ ದಾಟಿ ಬಂದಳು; ಬಾಗಿಲು ನೂಕಿದಳು; ತೊಟ್ಟಿಯಲ್ಲಿ ತಾಯಿ ನಾದಿಟ್ಟಿದ್ದ ಹಿಟ್ಟು ಉಬ್ಬಿ ಅಂಚು ದಾಟಿತ್ತು. ಮಣ್ಣಿಗೆ ಬಂದವರಿಗೆಲ್ಲ ಅದೇ ಹಿಟ್ಟಿನ ರೊಟ್ಟಿ ಸುಟ್ಟು ಮುರಿದು ಕೊಟ್ಟಳು. ಬೀಗ ಹಿಡಿದು ಯಾರೂ ಬರಲಿಲ್ಲ.

ಮಹಾಗ್ರಂಥಗಳನ್ನು ಆದ್ಯಂತ ಓದಿ, ಅಂಚಿನಲ್ಲಿ ಟಿಪ್ಪಣಿ ಬರೆದು, ಕಪಾಟಿನಲ್ಲಿಟ್ಟು ಧೂಳು ಒರೆಸುವ ಪಂಡಿತರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬ. ಲೋಕವನ್ನು ಒಂದು ಅಂಗುಲ ಅತ್ತಿತ್ತ ಸರಿಸಿದವರು ಬಹುಶಃ ಇನ್ನೊಂದು ಜಾತಿಯ ಓದುಗರು. ಇಡೀ ಪುಸ್ತಕ ಅವರ ಕೈಗೆ ಎಂದೂ ಸಿಕ್ಕಿರುವುದಿಲ್ಲ. ಹಿಮದ ಕಲೆ ಹತ್ತಿದ ಒಂದು ಹಾಳೆಯನ್ನು ವರ್ಷಗಟ್ಟಲೆ ಕಂಕುಳಲ್ಲಿಟ್ಟುಕೊಂಡು ತಿರುಗಿ, ವಾಕ್ಯ ನಡುವೆಯೇ ಮುರಿದಲ್ಲಿಗೆ ಬಂದು ನಿಂತು, ಒಂದು ದಿನ ಬೆನ್ನು ನೆಟ್ಟಗೆ ಮಾಡಿ, ಮುಂದಿನ ಹಾಳೆಯನ್ನು ಅವರೇ ಹೇಳಿ ಬರೆಸುತ್ತಾರೆ.